ಆರೋಗ್ಯವಂತರ ಗುಂಪಿನ ಚಂದ್ರಪ್ರಭಾ

ಹಡರ್ಸ್‌ಫೀಲ್ಡಿನ ಚಂದ್ರಪ್ರಭಾ ಒಂದು ಕೆಲಸಕ್ಕೆ ಕೈಹಾಕಿದರೆಂದರೆ ಉಳಿದವರು ಕೈಕಟ್ಟಿ ಕೂರಬಹುದಿತ್ತು. ಅವರು ಕೂರಲು ಬಿಡುತ್ತಿರಲಿಲ್ಲ, ಆ ಮಾತು ಬೇರೆ. ಯುಗಾದಿ ಊಟಕ್ಕೆ ಲೀಡ್ಸಿನ ಶಾಲೆಯ ಹಾಲ್ ಈ ಸಲ ಸಿಗುವುದಿಲ್ಲ ಎಂದು ಅಲ್ಲಿನ ಕೇರ್‌ಟೇಕರ್ ಫೋನಿನಲ್ಲಿ ಹೇಳಲು ಶುರುಮಾಡಿದರೆ, ಮಾತು ಮುಗಿಯುವ ಹೊತ್ತಿಗೆ ಹಾಲ್ ಸಿಕ್ಕಿರುತ್ತಿತ್ತು, ಅಡುಗೆಮನೆಯ ಬೀಗದಕೈಯೂ ಸಿಕ್ಕಿರುತ್ತಿತ್ತು, ಆ ಮನುಷ್ಯ ಹೆಂಡತಿಯನ್ನೂ ಕರೆದುಕೊಂಡು ಹೋಳಿಗೆ ತಿನ್ನಲು ಬರುವುದಾಗಿ ಒಪ್ಪಿಕೊಂಡಿರುತ್ತಿದ್ದ. ಯಾರ್ಕ್‌ಷೈರಿನ ಕನ್ನಡದವರಿಗೆಲ್ಲ ಅವರು ಚಂದ್ರಕ್ಕ. ವಯಸ್ಸಿನಲ್ಲಿ ದೊಡ್ಡವರೂ ಕೆಲವರು ಹಾಗೇ ಕರೆದುಬಿಡುತ್ತಿದ್ದರು, ಏನು ಮಾಡುವುದು, ಬಾಯಿಗೆ ಹಾಗೇ ಬರುತ್ತಿತ್ತು.

ಮೈಸೂರಿನಿಂದ ಮದುವೆಯಾಗಿ ಬಂದದ್ದು ಎಪ್ಪತ್ತಾರರಲ್ಲಿ. ಗಂಡ ಹರಿಶ್ಚಂದ್ರ ಆಗಿನ್ನೂ ಜೂನಿಯರ್ ಡಾಕ್ಟರು. ಆರು ತಿಂಗಳಿಗೊಂದು ಊರು, ಆರು ತಿಂಗಳಿಗೊಂದು ಆಸ್ಪತ್ರೆಯ ಕ್ವಾರ್ಟರ್ಸು, ಒಗ್ಗರಣೆ ಹಾಕಿದರೆ ಸ್ಮೋಕ್ ಅಲಾರಂ ಕೂಗಿಕೊಂಡು ಇಡೀ ಕಟ್ಟಡ ಖಾಲಿಯಾಗುವ ಪರಿಸ್ಥಿತಿ. ಆಮೇಲೆ ಹರಿಶ್ಚಂದ್ರ ಹಡರ್ಸ್‌ಫೀಲ್ಡಿನಲ್ಲಿ ಜಿಪಿಯಾಗಿ, ಅಂದರೆ ಫ್ಯಾಮಿಲಿ ಡಾಕ್ಟರಾಗಿ, ನೆಲೆ ನಿಂತರು. ಚಂದ್ರಪ್ರಭಾ ಊರಿನ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದರು. ಮಗಳು ಬರ್ಮಿಂಗ್‌ಹ್ಯಾಮಿನಲ್ಲಿ ದಂತವೈದ್ಯೆ, ಮಗ ಅದೇ ಊರಿನ ಸೆಲ್ಲಿ ಓಕ್‌ನಲ್ಲಿ ನಾಲ್ಕು ಜನ ಹುಡುಗರ ಜೊತೆ ಒಂದು ಮನೆ ಹಂಚಿಕೊಂಡು ಓದುತ್ತಿದ್ದ, ಇಬ್ಬರೂ ವಾರ ತಪ್ಪದೆ ಫೋನ್ ಮಾಡುತ್ತಿದ್ದರು. ಮನೆಯ ಮಾರ್ಟ್‌ಗೇಜ್ ಸಾಲ ತೀರಿತ್ತು. ಗಂಡನ ಹತ್ತಿರ ಒಂದು ದುರಭ್ಯಾಸವಿಲ್ಲ, ಊಟದ ಮಧ್ಯೆ ರೇಡಿಯೋದಲ್ಲಿ ಕ್ರಿಕೆಟ್ ಕೇಳುವುದನ್ನು ಬಿಟ್ಟರೆ. ಒಟ್ಟಿನಲ್ಲಿ ಹೆಂಗಸೊಬ್ಬಳು ಕೊರಗಬೇಕು ಎಂದರೆ ಒಂದು ಕಾರಣ ಹುಡುಕಿದರೂ ಸಿಗದ ಸಂಸಾರ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳಿ.

2003ರ ಯುಗಾದಿ ಊಟ. ಪಾಯಸ ಬಡಿಸುವ ಹೊತ್ತಿಗೆ ಪ್ರತೀಕ್ಷಾ ಎಂಬ ಹುಡುಗಿ ಮೈಕ್ ಹಿಡಿದಳು. ಲೀಡ್ಸಿನಲ್ಲೇ ಹುಟ್ಟಿ ಬೆಳೆದವಳು, ಎಲ್ಲರ ಕಣ್ಣೆದುರು ಫ್ರಾಕ್ ಹಾಕಿಕೊಂಡು ಓಡಾಡಿದವಳು, ಈಗ ಮನೋವೈದ್ಯೆ. ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು, ಆಡುವಾಗ ಮಾತ್ರ ಅರ್ಧ ದಾರಿಯಲ್ಲಿ ಇಂಗ್ಲಿಷಿಗೆ ಇಳಿದುಬಿಡುತ್ತಿದ್ದಳು.

"ನನ್ನ ಕನ್ನಡ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ," ಎಂದಳು. "ನಾನು ಒಂದು ಸ್ಟಡಿ ಮಾಡ್ತಾ ಇದ್ದೀನಿ. ಡಿಪ್ರೆಶನ್ ಬಗ್ಗೆ. ಶುಗರ್‌ಗೆ ಬ್ಲಡ್ ಟೆಸ್ಟ್ ಇದೆ, ಥೈರಾಯ್ಡಿಗೆ ಇದೆ. ಡಿಪ್ರೆಶನ್‌ಗೆ ಇಲ್ಲ. ಡಾಕ್ಟರ್ ಕೇಳ್ತಾರೆ, ಪೇಶೆಂಟ್ ಹೇಳ್ತಾರೆ, ಅಷ್ಟೇ. ಬ್ಲಡ್ಡಲ್ಲಿ ಏನಾದ್ರೂ ಗುರುತು ಸಿಗುತ್ತಾ ಅಂತ ನೋಡ್ಬೇಕು."

ದೇಹದಲ್ಲಿ ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಕೆಲವು ಪ್ರೋಟೀನುಗಳು, ಬೆಳಗಿನ ಹೊತ್ತು ಏರಿಳಿಯುವ ಒಂದೆರಡು ಹಾರ್ಮೋನು, ಇವು ಖಿನ್ನತೆ ಇರುವವರಲ್ಲಿ ಬೇರೆ ಥರ ಇರುತ್ತವೆಯೇ ಎಂಬುದು ಅವಳ ಪ್ರಶ್ನೆ. ಅದಕ್ಕೆ ಎರಡು ಗುಂಪು ಬೇಕು, ಕಾಯಿಲೆ ಇರುವವರದೊಂದು, ಇಲ್ಲದವರದೊಂದು. ಡಿಪ್ರೆಶನ್ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಎಲ್ಲರಿಗೂ ತಮ್ಮ ತಮ್ಮ ಲೋಟದ ಪಾಯಸದಲ್ಲಿ ಗೋಡಂಬಿ ಎಷ್ಟಿದೆ ಎಂದು ನೋಡುವ ಅವಸರ ಬಂತು. ಹುಡುಗಿ ಮೈಕ್ ಹಿಡಿದುಕೊಂಡು ನಿಂತೇ ಇದ್ದಳು. ನೋಡಲಾಗದೆ ಚಂದ್ರಪ್ರಭಾ ಸೆರಗು ಸಿಕ್ಕಿಸಿಕೊಂಡು ಎದ್ದರು.

"ಆರೋಗ್ಯವಾಗಿರೋರು ಬೇಕು ಅಂದೆಯಲ್ಲಮ್ಮ, ಎಷ್ಟು ಜನ ಬೇಕು ಹೇಳು. ಇಲ್ಲಿ ಕೂತಿರೋರೆಲ್ಲ ಆರೋಗ್ಯವಂತರೇ. ಮೂರು ಸಲ ಹೋಳಿಗೆ ಹಾಕಿಸ್ಕೊಂಡಿದ್ದಾರೆ, ನಾನೇ ಬಡಿಸಿದ್ದೀನಿ."

ಎಲ್ಲರೂ ನಕ್ಕರು, ಪಾಯಸದಿಂದ ತಲೆ ಎತ್ತಿದರು. ಆರೋಗ್ಯವಂತರ ಗುಂಪು ಎಂದರೆ ಯಾರಿಗೆ ಬೇಡ. ಬ್ರಾಡ್‌ಫರ್ಡಿನಲ್ಲಿ ಮಗನ ಮನೆಯಲ್ಲಿದ್ದ ಎಪ್ಪತ್ತರ ಶಕುಂತಲಮ್ಮ ಮೊದಲು ಕೈ ಎತ್ತಿದರು. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರಿನಲ್ಲಿದ್ದ ವರಲಕ್ಷ್ಮಿ ತನ್ನ ಮತ್ತು ಅತ್ತಿಗೆಯ ಹೆಸರು ಕೊಟ್ಟಳು. ಸಂಜೆಯಾಗುವುದರೊಳಗೆ ಪ್ರತೀಕ್ಷಾಳ ಒಂದು ಗುಂಪು ಹೆಚ್ಚುಕಡಿಮೆ ತುಂಬಿತ್ತು. ಇನ್ನೊಂದು ಗುಂಪಿನ ವಿಷಯವನ್ನು ಯಾರೂ ಎತ್ತಲಿಲ್ಲ, ಚಂದ್ರಪ್ರಭಾ ಕೂಡ.

ಅಲ್ಲಿಗೆ ಸುಮ್ಮನಾದರೆ ಅವರು ಚಂದ್ರಕ್ಕ ಹೇಗಾದಾರು. ರಕ್ತ ತೆಗೆಯುವ ಮೊದಲು ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಪ್ರಶ್ನೆ ಕೇಳಿ, ಇವರಿಗೆ ಕಾಯಿಲೆ ಇಲ್ಲ ಎಂದು ಖಚಿತ ಮಾಡಿಕೊಳ್ಳಬೇಕಿತ್ತು. ಆ ಪ್ರಶ್ನೆಗಳ ಕನ್ನಡ ಅನುವಾದವನ್ನು ಪ್ರತೀಕ್ಷಾ ಒಂದು ಏಜೆನ್ಸಿಯಿಂದ ಮಾಡಿಸಿ ತಂದಿದ್ದಳು. ಚಂದ್ರಪ್ರಭಾ ತಮ್ಮ ಊಟದ ಮೇಜಿನ ಮೇಲೆ ಅದನ್ನು ಹರಡಿಕೊಂಡು ಓದಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು.

"ಇದನ್ನ ಯಾವ ಪುಣ್ಯಾತ್ಮ ಬರೆದ? ‘ದೈನಂದಿನ ಚಟುವಟಿಕೆಗಳಲ್ಲಿ ನಿರಾಸಕ್ತಿಯನ್ನು ಅನುಭವಿಸಿರುವಿರಾ’ ಅಂತೆ. ಶಕುಂತಲಮ್ಮನ ಮುಂದೆ ಇದನ್ನ ಓದಿದ್ರೆ ಆಕಾಶವಾಣಿ ವಾರ್ತೆ ಅಂದ್ಕೊಂಡು ಸುಮ್ಮನೆ ಕೇಳ್ತಾ ಕೂತಿರ್ತಾರೆ."

"ಹಾಗಾದ್ರೆ ನೀವು ಹೇಳಿ ಆಂಟಿ, ಹೌ ವುಡ್ ಯು ಆಸ್ಕ್?"

"ಬರ್ಕೋ. ಮೊದಲು ಇಷ್ಟಪಟ್ಟು ಮಾಡ್ತಿದ್ದ ಕೆಲಸ ಈಗ್ಲೂ ಇಷ್ಟ ಆಗುತ್ತಾ, ಇಲ್ಲ ಮಾಡ್ಬೇಕಲ್ಲ ಅಂತ ಮಾಡ್ತಿದ್ದೀರಾ? ಬೆಳಿಗ್ಗೆ ಕಣ್ಣು ಬಿಟ್ಟಾಗ, ಅಯ್ಯೋ ಮತ್ತೆ ಬೆಳಗಾಯ್ತಲ್ಲ ಅಂತ ಸಂಕಟ ಆಗುತ್ತಾ? ಹತ್ತು ಜನರ ಮಧ್ಯೆ ನಗ್ತಾ ಕೂತಿದ್ದಾಗ್ಲೂ, ಇವರೆಲ್ಲ ಎದ್ದು ಹೋದ್ರೆ ಸಾಕಪ್ಪ ಅನ್ಸುತ್ತಾ?"

ಹೀಗೆ ಒಂದಾದ ಮೇಲೊಂದು ಹೇಳುತ್ತಾ ಹೋದರು. ಎಲ್ಲೂ ತಡವರಿಸಲಿಲ್ಲ. ಬರೆಯುತ್ತಿದ್ದ ಪ್ರತೀಕ್ಷಾ ತಲೆ ಎತ್ತಿ, "ಆಂಟಿ, ಇದೆಲ್ಲ ನಿಮಗೆ ಹೇಗೆ ಗೊತ್ತು?" ಎಂದು ಕೇಳಿದಳು.

"ಲೈಬ್ರರಿಗೆ ಎಂತೆಂಥವರು ಬರ್ತಾರೆ ಪುಟ್ಟಾ. ಪುಸ್ತಕಕ್ಕಿಂತ ಜಾಸ್ತಿ ಅವರನ್ನೇ ಓದಿದ್ದೀನಿ," ಎಂದರು ಚಂದ್ರಪ್ರಭಾ.

ಹಾಗೆಂದು ಅವರು ನಿಜವಾಗಿಯೂ ನಂಬಿದ್ದರು ನೋಡಿ. ಸುಳ್ಳು ಹೇಳುವ ಜಾಯಮಾನ ಅವರದಲ್ಲ. ತಮ್ಮ ವಿಷಯಕ್ಕೆ ಬಂದಾಗ ಮಾತ್ರ ಅವರ ಕಣ್ಣು ಅಷ್ಟು ಚುರುಕಾಗಿರಲಿಲ್ಲ.

ಮೇ ತಿಂಗಳಿಂದ ಶನಿವಾರದ ಕ್ಲಿನಿಕ್ ಶುರುವಾಯಿತು. ರಕ್ತ ಖಾಲಿ ಹೊಟ್ಟೆಯಲ್ಲಿ, ಬೆಳಿಗ್ಗೆಯೇ ತೆಗೆಯಬೇಕು. ಯಾರ ಕಾರಿನಲ್ಲಿ ಯಾರು ಎಂಬ ರೋಟಾ ಚಂದ್ರಪ್ರಭಾ ಅವರದ್ದೇ. ರಕ್ತ ಕೊಟ್ಟು ಹೊರಗೆ ಬಂದವರಿಗೆ ಬಿಸಿ ಉಪ್ಪಿಟ್ಟು, ಫ್ಲಾಸ್ಕಿನಲ್ಲಿ ಕಾಫಿ. ಲೀಡ್ಸಿನ ಆ ಕ್ಲಿನಿಕ್ಕಿನ ವೇಟಿಂಗ್ ರೂಮಿನಲ್ಲಿ ಅದುವರೆಗೆ ಯಾರೂ ಅಷ್ಟು ಜೋರಾಗಿ ನಕ್ಕಿರಲಿಕ್ಕಿಲ್ಲ. ಮೊಣಕೈ ಸಂದಿಯಲ್ಲಿ ಹತ್ತಿ, ಅದರ ಮೇಲೊಂದು ಪ್ಲಾಸ್ಟರು, ಅದನ್ನು ಎಲ್ಲರೂ ಪದಕದ ಹಾಗೆ ತೋರಿಸಿಕೊಂಡು ಕೂರುತ್ತಿದ್ದರು. ಸಂದರ್ಶನಗಳು ಬೇಗ ಬೇಗ ಮುಗಿಯುತ್ತಿದ್ದವು. ಬಿಳಿಯರ ಒಂದು ಸಂದರ್ಶನಕ್ಕೆ ಹಿಡಿಯುವ ಹೊತ್ತಿನಲ್ಲಿ ನಮ್ಮವರಲ್ಲಿ ಇಬ್ಬರದು ಆಗುತ್ತಿತ್ತು. ಎಲ್ಲದಕ್ಕೂ ಇಲ್ಲ, ಇಲ್ಲ, ಅಂಥದ್ದೇನಿಲ್ಲ ಎಂದರೆ ಬರೆದುಕೊಳ್ಳಲು ತಾನೆ ಏನಿರುತ್ತದೆ. ನರ್ಸ್ ಒಬ್ಬಳು ಚಂದ್ರಪ್ರಭಾ ಅವರ ಹತ್ತಿರ, ನಿಮ್ಮ ಜನ ಎಷ್ಟು ಗಟ್ಟಿ ಎಂದಳು. ಅವರಿಗೆ ಹೆಮ್ಮೆಯಿಂದ ಎದೆ ತುಂಬಿತು. ನಮ್ಮ ಹೆಂಗಸರು ಅಂದರೆ ಹಾಗೆ, ಎಂದರು.

ಎಲ್ಲರನ್ನೂ ಕಳಿಸಿ ಕೊನೆಗೆ ತಮ್ಮ ಸರದಿ ಇಟ್ಟುಕೊಂಡಿದ್ದರು. ಜುಲೈಯ ಒಂದು ಶನಿವಾರ, ಹೊರಗೆ ಶಕುಂತಲಮ್ಮ ಮತ್ತು ವರಲಕ್ಷ್ಮಿ ಜೊತೆಗೆ ಬಂದು ಕೂತಿದ್ದರು. ಚಂದ್ರಪ್ರಭಾ ಒಳಗೆ ಹೋಗಿ ತೋಳು ಮಡಿಸಿಕೊಂಡು, "ಬೇಗ ಕೇಳಿ ಮುಗಿಸಮ್ಮ, ಎಲ್ಲ ನಾನೇ ಬರೆಸಿದ್ದು, ಉತ್ತರ ಗೊತ್ತಿರೋ ಪರೀಕ್ಷೆ ಇದು," ಎಂದರು.

ಪ್ರತೀಕ್ಷಾ ಓದಿದಳು. ಅವಳ ಕನ್ನಡ ಆ ಪ್ರಶ್ನೆಗಳಲ್ಲಿ ಎಲ್ಲೂ ತೊಡರುತ್ತಿರಲಿಲ್ಲ, ಅಷ್ಟು ಸಲ ಓದಿ ಬಾಯಿಪಾಠವಾಗಿತ್ತು. "ಮೊದಲು ಇಷ್ಟಪಟ್ಟು ಮಾಡ್ತಿದ್ದ ಕೆಲಸ ಈಗ್ಲೂ ಇಷ್ಟ ಆಗುತ್ತಾ, ಇಲ್ಲ ಮಾಡ್ಬೇಕಲ್ಲ ಅಂತ ಮಾಡ್ತಿದ್ದೀರಾ?"

ಇಷ್ಟ ಆಗುತ್ತೆ ಎನ್ನಲು ಚಂದ್ರಪ್ರಭಾ ಬಾಯಿ ತೆರೆದರು. ಹಿಂದಿನ ದಿನ ಸಂಜೆ ರವೆ ಹುರಿಯುತ್ತಾ ನಿಂತದ್ದು ನೆನಪಿಗೆ ಬಂತು. ಹುರಿದ ಘಮ ಮೂಗಿಗೆ ಬಂದರೂ ಏನೂ ಅನ್ನಿಸದೆ, ಇದೊಂದು ಮುಗಿದರೆ ಸಾಕು, ಇದೊಂದು ಮುಗಿದರೆ ಸಾಕು ಎಂದುಕೊಂಡದ್ದು. ಒಂದು ವರ್ಷದಿಂದ ಪ್ರತಿಯೊಂದು ಕೆಲಸಕ್ಕೂ ಹಾಗೇ ಅಂದುಕೊಳ್ಳುತ್ತಿದ್ದದ್ದು.

"ಮಾಡ್ಬೇಕಲ್ಲ ಅಂತ ಮಾಡ್ತೀನಿ," ಎಂದರು.

ಎರಡನೆಯ ಪ್ರಶ್ನೆಗೆ ಹೌದು ಎಂದರು. ಮೂರನೆಯದಕ್ಕೂ ಹೌದು. ಬೇರೆ ಯಾರ ಮಾತಾಗಿದ್ದರೂ ತಪ್ಪಿಸಿಕೊಳ್ಳಬಹುದಿತ್ತು. ತಮ್ಮದೇ ಮಾತು ತಮ್ಮ ಎದುರು ಬಂದು ಕೂತಾಗ ಎಲ್ಲಿಗೆ ಹೋಗುವುದು. ಜೀವಕ್ಕೆ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯಾ ಎಂದು ಪ್ರತೀಕ್ಷಾ ಮೆಲ್ಲಗೆ ಕೇಳಿದಾಗ, ಅದಿಲ್ಲ, ಅಷ್ಟು ಪುರುಸೊತ್ತು ನನಗೆಲ್ಲಿದೆ ಎಂದು ನಗಲು ಹೋಗಿ ಅತ್ತುಬಿಟ್ಟರು. ಅವರು ಅತ್ತದ್ದನ್ನು ಪ್ರತೀಕ್ಷಾ ಚಿಕ್ಕಂದಿನಿಂದ ಒಮ್ಮೆಯೂ ನೋಡಿರಲಿಲ್ಲ.

"ಆಂಟಿ, ಇವತ್ತು ನಿಮ್ಮ ಬ್ಲಡ್ ತಗೊಳ್ಳೋಕಾಗಲ್ಲ. ನಾಟ್ ಫಾರ್ ದಿಸ್ ಗ್ರೂಪ್," ಎಂದಳು ಕೊನೆಗೆ.

"ನಾನು ಫೇಲಾ?"

"ಫೇಲ್ ಪಾಸ್ ಏನಿಲ್ಲ ಆಂಟಿ. ಯು ಆರ್ ಇಲ್. ನಿಮಗೆ ಹುಷಾರಿಲ್ಲ. ನಿಮ್ಮ ಜಿಪಿ ಹತ್ತಿರ ಹೋಗ್ಬೇಕು, ಈ ವಾರವೇ."

ಚಂದ್ರಪ್ರಭಾ ಮುಖ ತೊಳೆದುಕೊಂಡರು. ಬಾಗಿಲವರೆಗೆ ಹೋದವರು ತಿರುಗಿ ಬಂದು, ಟ್ರೇಯಿಂದ ಒಂದು ಚೂರು ಹತ್ತಿ ತೆಗೆದು, ಮೊಣಕೈ ಸಂದಿಗೆ ಇಟ್ಟು, ತಾವೇ ಪ್ಲಾಸ್ಟರ್ ಅಂಟಿಸಿಕೊಂಡರು. ಹೊರಗೆ ಬಂದು ವರಲಕ್ಷ್ಮಿಗೆ, "ಹೂಂ, ಆಯ್ತು, ಸೂಜಿ ಗೊತ್ತೇ ಆಗಲಿಲ್ಲ," ಎಂದು ಉಪ್ಪಿಟ್ಟಿನ ಡಬ್ಬ ಬಿಚ್ಚಿದರು.

ಹರಿಶ್ಚಂದ್ರ ಒಳ್ಳೆಯ ಡಾಕ್ಟರು. ಊರಿನ ಅರ್ಧ ಜನ ಅವರ ಹತ್ತಿರ ಸಂಕಟ ಹೇಳಿಕೊಂಡು ಹಗುರಾಗಿ ಹೋಗುತ್ತಿದ್ದರು. ಅಂಥವರು ಹೆಂಡತಿಯ ಮಾತು ಕೇಳಿ ಮೊದಲು ಮಾಡಿದ್ದೇನು ಗೊತ್ತೇ? ಎದ್ದು ಹೋಗಿ ಕೆಟಲ್ ಹಾಕಿದರು. ಆಮೇಲೆ ಬಂದು ಕೂತು, "ಇದು ಥೈರಾಯ್ಡ್ ಇರಬೇಕು," ಎಂದರು. "ಇಲ್ಲ ಐರನ್ ಕಮ್ಮಿಯಾಗಿರುತ್ತೆ. ಬಿ ಟ್ವೆಲ್ವ್. ನಾವು ಮಾಂಸ ತಿನ್ನಲ್ಲ, ಬಿಸಿಲು ನೋಡಲ್ಲ. ನಮ್ಮ ಹೆಂಗಸರಿಗೆ ಇದೆಲ್ಲ ಮಾಮೂಲು. ಬ್ಲಡ್ಸ್ ಮಾಡಿಸೋಣ, ಗೊತ್ತಾಗುತ್ತೆ."

ಅವರ ಮಾತಿನಲ್ಲಿ ತಪ್ಪೇನಿಲ್ಲ, ಅವೆಲ್ಲ ಕಾರಣವಾಗುವುದುಂಟು. ಸ್ವಂತ ಹೆಂಡತಿಗೆ ತಾವೇ ಡಾಕ್ಟರಾಗುವ ಹಾಗಿಲ್ಲವಾದ್ದರಿಂದ ಇನ್ನೊಂದು ಸರ್ಜರಿಯ, ಅಂದರೆ ಇನ್ನೊಂದು ಕ್ಲಿನಿಕ್ಕಿನ, ಡಾಕ್ಟರಮ್ಮನ ಹತ್ತಿರ ರಕ್ತ ಕೊಟ್ಟು ಬಂದರು. ರಿಪೋರ್ಟ್ ಬರುವವರೆಗೆ ಗಂಡ ಹೆಂಡತಿ ಇಬ್ಬರೂ ಮಗುವಿನ ಫಲಿತಾಂಶಕ್ಕೆ ಕಾಯುವವರ ಹಾಗೆ ಕಾದರು. ಥೈರಾಯ್ಡ್ ಎಂದಾದರೆ ಯಾರ ಎದುರಿಗೂ ಹೇಳಬಹುದು. ಒಂದು ಮಾತ್ರೆ ನುಂಗಿದರಾಯಿತು, ಮರ್ಯಾದೆಯ ಕಾಯಿಲೆ. ದೇವರ ಮುಂದೆ ದೀಪ ಹಚ್ಚಿ, ಥೈರಾಯ್ಡ್ ಕೊಡು ತಾಯೀ ಎಂದು ಚಾಮುಂಡಿಯನ್ನು ಬೇಡಿಕೊಂಡವರು ಪ್ರಪಂಚದಲ್ಲಿ ಇವರೊಬ್ಬರೇ ಇರಬೇಕು.

ಚಾಮುಂಡಿ ಕೊಡಲಿಲ್ಲ. ಥೈರಾಯ್ಡ್ ಸರಿಯಾಗಿತ್ತು, ಐರನ್ ಸರಿಯಾಗಿತ್ತು, ಎಲ್ಲ ಸರಿಯಾಗಿತ್ತು.

"ಎಲ್ಲ ನಾರ್ಮಲ್," ಎಂದರು ಹರಿಶ್ಚಂದ್ರ ರಿಪೋರ್ಟ್ ನೋಡಿ. ಅವರ ಧ್ವನಿಯಲ್ಲಿ ಸಮಾಧಾನವಿತ್ತು. "ಏನೂ ಇಲ್ಲ ಚಂದ್ರಾ. ಸ್ವಲ್ಪ ರೆಸ್ಟ್ ತಗೋ."

"ನಿಮ್ಮ ಸರ್ಜರಿಗೆ ಯಾರಾದ್ರೂ ಹೆಂಗಸು ಬಂದು, ಬೆಳಗಾದ್ರೆ ಭಯ ಆಗುತ್ತೆ ಡಾಕ್ಟರೇ ಅಂದ್ರೆ, ಅವಳಿಗೂ ಹೀಗೇ ಹೇಳ್ತೀರಾ? ರಕ್ತ ಚೆನ್ನಾಗಿದೆ, ಮನೆಗೆ ಹೋಗಮ್ಮ ಅಂತ?"

ಹರಿಶ್ಚಂದ್ರ ರಿಪೋರ್ಟನ್ನು ಮಡಿಸಿದರು. "ಹೇಳಲ್ಲ," ಎಂದರು. ಆಮೇಲೆ, "ಟ್ರೀಟ್‌ಮೆಂಟ್ ತಗೋ. ಬೇಡ ಅನ್ನಲ್ಲ. ಆದ್ರೆ ಹೊರಗೆ ಯಾರಿಗೂ ಗೊತ್ತಾಗೋದು ಬೇಡ. ಡಾಕ್ಟರ ಹೆಂಡತಿಗೇ ಹೀಗಂತೆ ಅಂತ ಜನ ಆಡ್ಕೋತಾರೆ," ಎಂದರು. ಕೆಟ್ಟ ಮನುಷ್ಯರಲ್ಲ. ಹೆದರಿದ್ದರು, ಅಷ್ಟೇ.

ಡಾಕ್ಟರಮ್ಮ ಮಾತ್ರ ರಿಪೋರ್ಟನ್ನು ಪಕ್ಕಕ್ಕಿಟ್ಟು, ಇದು ನಾರ್ಮಲ್ ಅಂದರೆ ಬೇರೆ ಕಾಯಿಲೆ ಇಲ್ಲ ಎಂದರ್ಥ, ಈ ಕಾಯಿಲೆ ಇಲ್ಲ ಎಂದಲ್ಲ, ಎಂದು ನೇರವಾಗಿ ಹೇಳಿದರು. ಮಾತ್ರೆ ಬರೆದುಕೊಟ್ಟರು, ವಾರಕ್ಕೊಮ್ಮೆ ಕೂತು ಮಾತಾಡಲು ಒಬ್ಬ ಕೌನ್ಸೆಲರನ್ನೂ ಗೊತ್ತುಮಾಡಿದರು. ಮಾತ್ರೆಯ ಡಬ್ಬ ಕೈಚೀಲದಲ್ಲಿಟ್ಟುಕೊಂಡು ಚಂದ್ರಪ್ರಭಾ ಮನೆಗೆ ಹೋಗಲಿಲ್ಲ. ಸ್ಟೇಷನ್ನಿಗೆ ಹೋಗಿ ಲೀಡ್ಸಿನ ರೈಲು ಹತ್ತಿದರು. ಮಾತ್ರೆ ಶುರುಮಾಡಿದ ಮೇಲೆ ಆ ರಕ್ತ ಪ್ರತೀಕ್ಷಾಳ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಯಾಕೆ ಹೊರಟರೋ ಅವರಿಗೇ ಸರಿಯಾಗಿ ತಿಳಿದಿರಲಿಲ್ಲ. ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲ, ಹಾಗಂದುಕೊಳ್ಳೋಣ.

"ನಿನ್ನ ಇನ್ನೊಂದು ಗುಂಪಿಗೆ ಜನ ಸಿಕ್ಕಿದ್ರಾ?" ಎಂದು ಕೇಳಿದರು.

"ಸಿಕ್ಕಿದ್ದಾರೆ ಆಂಟಿ. ಆದ್ರೆ ನಮ್ಮವರು ಒಬ್ಬರೂ ಇಲ್ಲ. ಹೆಲ್ದಿ ಗ್ರೂಪಲ್ಲಿ ನಮ್ಮ ಹೆಂಗಸರು ತುಂಬಿದ್ದಾರೆ, ಥ್ಯಾಂಕ್ಸ್ ಟು ಯು. ಪೇಶೆಂಟ್ ಗ್ರೂಪಲ್ಲಿ ಝೀರೋ."

"ನಾಳೆ ನಿನ್ನ ಸ್ಟಡಿ ಓದಿದವರು ಏನಂದ್ಕೋತಾರೆ?"

ಪ್ರತೀಕ್ಷಾ ಭುಜ ಹಾರಿಸಿದಳು. "ಇವರಿಗೆ ಈ ಕಾಯಿಲೆ ಬರೋದೇ ಇಲ್ಲ ಅನ್ಕೋಬಹುದು. ಮುಂದೆ ಯಾವತ್ತೋ ಟೆಸ್ಟ್ ಬಂದ್ರೂ, ಅದು ನಮ್ಮ ಬ್ಲಡ್‌ನಲ್ಲಿ ವರ್ಕ್ ಆಗುತ್ತಾ ಅಂತ ಯಾರಿಗೂ ಗೊತ್ತಿರಲ್ಲ. ಯಾಕಂದ್ರೆ ನೋಡೇ ಇಲ್ಲ."

ಚಂದ್ರಪ್ರಭಾ ಅವರಿಗೆ ಕೋಪ ಬಂತು. ಬಹಳ ದಿನಗಳ ಮೇಲೆ ಬಂದ ಕೋಪ. ಒಳಗೆ ಏನೋ ಒಂದು ಇನ್ನೂ ಉರಿಯುತ್ತಿದೆ ಎಂದು ಅವರಿಗೇ ಆಶ್ಚರ್ಯವಾಯಿತು. ನಿಮ್ಮ ಜನ ಎಷ್ಟು ಗಟ್ಟಿ ಎಂದು ಆ ನರ್ಸ್ ಹೇಳಿದಾಗ ಹಿಗ್ಗಿದ್ದು ತಾವೇ. ಎಲ್ಲರನ್ನೂ ಕಾರಿನಲ್ಲಿ ಕೂರಿಸಿಕೊಂಡು ಬಂದು ಒಂದೇ ಕಡೆ ತುಂಬಿದ್ದು ತಾವೇ. ಕೋಟ್ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದರು.

"ತಗೋ. ನಾನು ಮೊದಲನೆಯವಳು," ಎಂದು ತೋಳು ಚಾಚಿದರು.

ಅವತ್ತು ಪದ್ಧತಿಯ ಪ್ರಕಾರ ಆಗುವುದಿಲ್ಲ, ಖಾಲಿ ಹೊಟ್ಟೆ ಬೇಕು, ನಾಳೆ ಬೆಳಿಗ್ಗೆ ಬನ್ನಿ ಎಂದು ಪ್ರತೀಕ್ಷಾ ನಗುತ್ತಾ ಹೇಳಬೇಕಾಯಿತು. ಮರುದಿನ ಬಂದು ಕೊಟ್ಟರು. ಮೂರು ಸಣ್ಣ ಟ್ಯೂಬು. ಅದನ್ನು ನೋಡುತ್ತಾ ಅವರಿಗೆ ನಾಚಿಕೆಯೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಹೆಮ್ಮೆಯಾಯಿತು. ಯಾವ ರಿಪೋರ್ಟೂ ಹೇಳದೆ, ತಾವೇ ಬಾಯಿಬಿಟ್ಟು, ನನಗೆ ಹುಷಾರಿಲ್ಲ ಎಂದು ಬಂದು ಕೂತಿದ್ದರು. ಹಡರ್ಸ್‌ಫೀಲ್ಡಿನಲ್ಲಿ ಇಪ್ಪತ್ತು ವರ್ಷ ಏನೆಲ್ಲ ಕೆಲಸ ಮಾಡಿದ್ದರೂ ಇಷ್ಟು ಕಷ್ಟದ್ದನ್ನು ಅವರು ಮಾಡಿರಲಿಲ್ಲ.

ಆದರೆ ಅವರು ಹೊರಡುವಾಗ ಪ್ರತೀಕ್ಷಾ ಹೇಳಿದ ಒಂದು ಮಾತು ಬೆನ್ನಿಗೆ ಬಿತ್ತು. "ಒಬ್ಬರಿಂದ ಏನೂ ಗೊತ್ತಾಗಲ್ಲ ಆಂಟಿ. ಇನ್ನೂ ಬೇಕು."

ಇನ್ನೂ ಬೇಕೆಂದರೆ ಕರೆಯಬೇಕು. ಆರೋಗ್ಯವಂತರನ್ನು ಮೈಕ್ ಹಿಡಿದು ಕರೆಯಬಹುದು. ಈ ಗುಂಪಿಗೆ ಕರೆಯುವುದಕ್ಕೆ ಒಂದೇ ದಾರಿ, ನಾನಿದ್ದೇನೆ, ಬನ್ನಿ ಎನ್ನಬೇಕು. ಹಾಗೆಂದ ಮೇಲೆ ಚಂದ್ರಕ್ಕ ಮತ್ತೆ ಚಂದ್ರಕ್ಕನಾಗಿ ಉಳಿಯುವರೇ? ಮುಂದಿನ ಯುಗಾದಿಗೆ ಹೋಳಿಗೆ ಹಂಚಲು ಅವರನ್ನು ಕರೆಯುತ್ತಾರೋ, ಪಾಪ ಅವರಿಗೆ ತೊಂದರೆ ಕೊಡುವುದು ಬೇಡ ಎನ್ನುತ್ತಾರೋ? ಅವರನ್ನು ಹೆದರಿಸಿದ್ದು ಆ ‘ಪಾಪ’ ಎಂಬ ಒಂದು ಪದ. ಎರಡು ತಿಂಗಳು ಸುಮ್ಮನಿದ್ದರು. ಮಾತ್ರೆ ನುಂಗಿದರು, ಕೌನ್ಸೆಲರ್ ಹತ್ತಿರ ಹೋದರು, ಸೆಪ್ಟೆಂಬರಿನಲ್ಲಿ ಒಂದು ದಿನ ಲೈಬ್ರರಿಗೆ ನಡೆದುಹೋಗುವಾಗ ಎಲೆ ಕೆಂಪಾಗಿದ್ದು ಕಣ್ಣಿಗೆ ಬಿತ್ತು. ಕಣ್ಣಿಗೆ ಬಿತ್ತಲ್ಲ ಎಂದು ನಿಂತು ನೋಡಿದರು. ದಸರಾ ಹತ್ತಿರ ಬಂದಾಗ ಗಂಡನಿಗೆ ಹೇಳಿದರು.

"ಗೊಂಬೆ ನೋಡೋಕೆ ಎಲ್ಲರೂ ಬರ್ತಾರಲ್ಲ, ಅವತ್ತು ಹೇಳ್ತೀನಿ ರೀ. ಬೇಡ ಅನ್ನಬೇಡಿ."

"ಬೇಡ," ಎಂದರು ಹರಿಶ್ಚಂದ್ರ.

ಎರಡು ದಿನ ಮನೆಯಲ್ಲಿ ಉಪ್ಪು ಕೊಡಿ, ಟವೆಲ್ ತಗೊಳ್ಳಿ ಎಂಬುದರ ಆಚೆ ಮಾತಿರಲಿಲ್ಲ.

ಗೊಂಬೆಯ ದಿನ ಮಧ್ಯಾಹ್ನ ಮನೆ ತುಂಬಿತು. ಮುಂದಿನ ಕೋಣೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟದ ಗೊಂಬೆ, ಶೆಟ್ಟಿ ದಂಪತಿ, ಮಕ್ಕಳು ಚಿಕ್ಕವರಿದ್ದಾಗಿನ ಎರಡು ಆಟದ ಡಬಲ್ ಡೆಕ್ಕರ್ ಬಸ್ಸು. ಹೆಂಗಸರು ರೇಷ್ಮೆ ಸೀರೆಯ ಮೇಲೆ ಕಾರ್ಡಿಗನ್ ಹಾಕಿಕೊಂಡು ಕಾರ್ಪೆಟ್ಟಿನ ಮೇಲೆ ಕೂತಿದ್ದರು. ಹರಿಶ್ಚಂದ್ರ ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿದ್ದರು. ವರಲಕ್ಷ್ಮಿ ಒಂದು ದೇವರನಾಮ ಹಾಡಿ ಮುಗಿಸಿದಾಗ ಚಂದ್ರಪ್ರಭಾ ಎದ್ದು ನಿಂತರು.

"ಪ್ರತೀಕ್ಷಾಗೆ ನಾವೆಲ್ಲ ರಕ್ತ ಕೊಟ್ಟೆವಲ್ಲ. ನಿಮ್ಮೆಲ್ಲರದ್ದು ಆರೋಗ್ಯವಂತರ ಗುಂಪಿಗೆ ಹೋಯ್ತು. ನನ್ನದು ಇನ್ನೊಂದಕ್ಕೆ."

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ.

"ನನಗೆ ಡಿಪ್ರೆಶನ್ ಇದೆ. ಒಂದು ವರ್ಷದಿಂದ ಇತ್ತು, ಗೊತ್ತಾಗಿದ್ದು ಈಗ. ರಕ್ತ ಪರೀಕ್ಷೆಲಿ ಏನೂ ಸಿಗಲಿಲ್ಲ, ಎಲ್ಲ ನಾರ್ಮಲ್. ಮನೇಲೂ ಕಷ್ಟ ಅಂತ ಏನಿಲ್ಲ. ಆದ್ರೂ ಇದೆ. ಮಾತ್ರೆ ತಗೋತಾ ಇದ್ದೀನಿ, ಈಗ ಸ್ವಲ್ಪ ಪರವಾಗಿಲ್ಲ. ಆ ಗುಂಪಿನಲ್ಲಿ ನಮ್ಮವರು ಅಂತ ನಾನೊಬ್ಬಳೇ ಇದ್ದೀನಿ."

"ಸುಮ್ನಿರಿ ಚಂದ್ರಕ್ಕ," ಎಂದಳು ವರಲಕ್ಷ್ಮಿ. ಸ್ವಲ್ಪ ಗಾಬರಿಯಾಗಿದ್ದಳು. "ನಿಮಗೆಲ್ಲಿ ಡಿಪ್ರೆಶನ್. ನಿಮಗೇ ಹಾಗಾದ್ರೆ ನಾವೆಲ್ಲ ಏನ್ಮಾಡ್ಬೇಕು? ಹಬ್ಬದ ದಿನ ಇದೆಲ್ಲ ಯಾಕೆ."

ಯಾರೋ ಕೆಮ್ಮಿದರು. ಯಾರೋ ಸೆರಗು ಸರಿಮಾಡಿಕೊಂಡರು. ಚಂದ್ರಪ್ರಭಾ ನಿಂತೇ ಇದ್ದರು, ಕೂರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಹರಿಶ್ಚಂದ್ರ ಕಾಫಿಯ ಟ್ರೇ ಹಿಡಿದು ಬಂದು ನಿಂತಿದ್ದರು. ಟ್ರೇಯನ್ನು ಕೆಳಗಿಟ್ಟು ಹೆಂಡತಿಯ ಪಕ್ಕಕ್ಕೆ ಬಂದರು.

"ಅವಳು ಹೇಳ್ತಿರೋದು ನಿಜ," ಎಂದರು. "ಹೇಳಬೇಡ ಅಂದಿದ್ದು ನಾನು. ನಾನು ಡಾಕ್ಟರು, ನನಗೇ ಬಾಯಿ ಬರಲಿಲ್ಲ. ಅವಳಿಗೆ ಬಂತು."

ಅಷ್ಟು ವರ್ಷದ ಸಂಸಾರದಲ್ಲಿ ಹತ್ತು ಜನರ ಎದುರಿಗೆ ಅವರು ಹೆಂಡತಿಯನ್ನು ಹೊಗಳಿದ್ದು ಅದೇ ಮೊದಲು. ಚಂದ್ರಪ್ರಭಾ ಗಂಡನ ಮುಖ ನೋಡಲಿಲ್ಲ, ನೋಡಿದರೆ ಅಳು ಬರುತ್ತಿತ್ತು.

ಆಗ ಕುರ್ಚಿಯಲ್ಲಿ ಕೂತಿದ್ದ ಶಕುಂತಲಮ್ಮ ಊರುಗೋಲನ್ನು ನೆಲಕ್ಕೆ ಒತ್ತಿ ಹಿಡಿದುಕೊಂಡರು.

"ಚಂದ್ರಪ್ರಭಾ, ಆ ಹುಡುಗಿಗೆ ಫೋನ್ ಮಾಡು."

"ಯಾಕಮ್ಮ?"

"ನನ್ನ ರಕ್ತ ತಪ್ಪು ಗುಂಪಿಗೆ ಹೋಗಿದೆ ಅಂತ ಹೇಳು. ಅವಳು ಕೇಳಿದ್ದಕ್ಕೆಲ್ಲ ಇಲ್ಲ ಇಲ್ಲ ಅಂದುಬಿಟ್ಟೆ. ಒಂದೂ ನಿಜ ಅಲ್ಲ." ಮುದುಕಿಯ ಧ್ವನಿ ಗಟ್ಟಿಯಾಗಿತ್ತು. "ಯಾರಾದ್ರೂ ಹೇಗಿದ್ದೀರಿ ಅಂತ ಕೇಳಿದ್ರೆ ಚೆನ್ನಾಗಿದ್ದೀನಿ ಅಂತ ತಾನೆ ಅನ್ನಬೇಕು? ಹಾಗೇ ಅಂದೆ. ನಾನು ಚೆನ್ನಾಗಿಲ್ಲ. ನಮ್ಮ ಯಜಮಾನರು ಹೋದಾಗಿನಿಂದ ಚೆನ್ನಾಗಿಲ್ಲ."

ವರಲಕ್ಷ್ಮಿ ತಲೆ ತಗ್ಗಿಸಿಕೊಂಡೇ, "ನಂದೂ ಹೇಳಿಬಿಡಿ ಚಂದ್ರಕ್ಕ," ಎಂದಳು.

ಚಂದ್ರಪ್ರಭಾ ಆ ಇಬ್ಬರನ್ನೂ ನೋಡಿದರು. ತಮ್ಮ ಹೆಂಗಸರ ಬಗ್ಗೆ ಅವರು ಜೀವಮಾನವೆಲ್ಲ ಹೆಮ್ಮೆಪಟ್ಟವರು, ಆದರೆ ಇಷ್ಟು ಹೆಮ್ಮೆ ಅವರಿಗೆ ಎಂದೂ ಆಗಿರಲಿಲ್ಲ. ಹಜಾರಕ್ಕೆ ಹೋಗಿ ಫೋನ್ ತಿರುಗಿಸಿದರು. ಕೋಣೆಯಲ್ಲಿದ್ದವರಿಗೆಲ್ಲ ಕೇಳುತ್ತಿತ್ತು.

"ಪ್ರತೀಕ್ಷಾ, ನಿನ್ನ ಆರೋಗ್ಯವಂತರ ಗುಂಪು ಸರಿಯಿಲ್ಲ ಪುಟ್ಟಾ. ನಾವು ನಿನಗೆ ನಿಜ ಹೇಳಿಲ್ಲ. ಇಬ್ಬರು ಈಗ ಒಪ್ಕೊಂಡ್ರು. ಇನ್ನೂ ಇರಬಹುದು."

ಆರು ತಿಂಗಳ ಕೆಲಸ, ಅಷ್ಟೂ ಟ್ಯೂಬುಗಳು, ಅಷ್ಟೂ ಶನಿವಾರಗಳು. ಹುಡುಗಿ ಅಳುತ್ತಾಳೋ, ಬೈಯುತ್ತಾಳೋ ಎಂದು ಚಂದ್ರಪ್ರಭಾ ಕಾದರು.

"ಎಲ್ಲರನ್ನೂ ಕರ್ಕೊಂಡು ಬನ್ನಿ ಆಂಟಿ," ಎಂದಳು ಪ್ರತೀಕ್ಷಾ, ಒಂದು ಇಂಗ್ಲಿಷ್ ಪದವಿಲ್ಲದೆ. "ಮತ್ತೆ ಮೊದಲಿಂದ ಕೇಳ್ತೀನಿ."